ತೊಗಟೆಯ ಕೆಳಗಿನ ಕೊನೆಯ ಉಂಗುರ

ಪ್ರಯೋಗಾಲಯ
ಭಾನುವಾರ ಮಧ್ಯಾಹ್ನ

ಅಕ್ಕಾ,

'ಇತ್ತ ನಾನು ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ' ಎಂದು ಶುರುಮಾಡಬೇಕಿತ್ತು. ಆದರೆ ಆ ಒಂದು ಸಾಲಿನಲ್ಲೇ ಎರಡು ಸುಳ್ಳು ಸೇರಿಕೊಳ್ಳುತ್ತವೆ. ನಾನು ಕ್ಷೇಮವಾಗಿಲ್ಲ, ನೀನು ಬರೆಯುವುದೂ ಇಲ್ಲ. ಫೋನ್ ಮಾಡಿದರೆ ಬಾವ ಎತ್ತುತ್ತಾರೆ, 'ಸ್ನಾನಕ್ಕೆ ಹೋಗಿದಾಳೆ ಕಣಮ್ಮ' ಎನ್ನುತ್ತಾರೆ. ಒಂದೂವರೆ ತಿಂಗಳಿಂದ ನೀನು ಬಚ್ಚಲಲ್ಲೇ ಇದ್ದೀಯ. ಪಾಪ, ಗಡಿಯಾರ ರಿಪೇರಿ ಮಾಡಿಕೊಂಡು ಬದುಕಿದ ಮನುಷ್ಯ, ಅವರಿಗೆ ಬೇರೆ ಸುಳ್ಳು ಹೊಳೆಯುವುದಿಲ್ಲ. ಅವರಿಗೆ ಇನ್ನೂ ಕಷ್ಟ ಕೊಡುವುದು ಬೇಡವೆಂದು ಕಾಗದ ಬರೆಯುತ್ತಿದ್ದೇನೆ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಈ ಶನಿವಾರವಲ್ಲ, ಅದರಾಚೆಯ ಶನಿವಾರ, ನೀನು ಬಂದವರಿಗೆಲ್ಲ ತೋರಿಸುವ ಆ ಹಳೇ ಮರದ ಮನೆಯ ಹೊಸ ಫಲಕದ ಸಮಾರಂಭ. ಮನೆ ನೋಡಿಕೊಳ್ಳುವ ಸಮಿತಿಯ ಅಧ್ಯಕ್ಷರು ನನ್ನನ್ನು ಮಾತನಾಡಲು ಕರೆದಿದ್ದಾರೆ. ಮುಂದಿನ ಕೋಣೆಯಲ್ಲಿ ನಾನು ನಿಲ್ಲಬೇಕಂತೆ, ಪಕ್ಕದಲ್ಲಿ ನೀನು ಬೀಗದಕೈ ಹಿಡಿದು ನಿಲ್ಲಬೇಕಂತೆ. 'ಅಕ್ಕ ತಂಗಿ ಇಬ್ರೂ ಒಂದೇ ಮನೆಗೆ ದುಡಿದಿದೀರಿ, ಫೋಟೋ ಚೆನ್ನಾಗಿ ಬರುತ್ತೆ ಮೇಡಂ' ಎಂದರು. ಆ ಮನುಷ್ಯನಿಗೆ ಏನೂ ಗೊತ್ತಿಲ್ಲ, ಅಥವಾ ಎಲ್ಲ ಗೊತ್ತಿದ್ದೂ ಹಾಗೆ ಹೇಳುತ್ತಾರೆ. ನಾನು 'ನೋಡ್ತೀನಿ' ಎಂದಿದ್ದೇನೆ. ನೀನು ಬೇಡವೆಂದರೆ ಬರುವುದಿಲ್ಲ, ಹೊಟ್ಟೆನೋವು ಎಂದು ಹೇಳಿಬಿಡುತ್ತೇನೆ. ಬಾ ಎಂದರೆ ಬರುತ್ತೇನೆ. ಅದಕ್ಕೆ ಮುಂಚೆ ನಡೆದದ್ದನ್ನು ಒಮ್ಮೆ ನನ್ನ ಬಾಯಿಂದ ಕೇಳು. ಇದುವರೆಗೆ ನೀನು ಅದನ್ನು ಪತ್ರಿಕೆಯವರಿಂದ ಕೇಳಿದ್ದೀಯ, ಆ ಶಾಲೆಯ ಮೇಷ್ಟ್ರಿಂದ ಕೇಳಿದ್ದೀಯ. ನನ್ನಿಂದ ಕೇಳಿಲ್ಲ.

ಕಳೆದ ಬೇಸಿಗೆಯಲ್ಲಿ ಆ ಮನೆಯ ವಯಸ್ಸು ಕಂಡುಹಿಡಿಯಲು ನಾನೂ ನಮ್ಮ ಪ್ರಯೋಗಾಲಯದ ಸ್ಕ್ಯಾನರ್ ಮಹಾಶಯರೂ ಪೆಟ್ಟಿಗೆಗಳನ್ನು ಹೊತ್ತುಕೊಂಡು ಬಂದಾಗ ನೀನು ಬಾಗಿಲಲ್ಲೇ ನಿಂತಿದ್ದೆ. ನನ್ನ ಬೈರಿಗೆಯನ್ನು ಕೈಗೆತ್ತಿಕೊಂಡು ಅದರ ಟೊಳ್ಳು ಕೊಳವೆಯೊಳಗೆ ಒಂದು ಕಣ್ಣಿಟ್ಟು ನೋಡಿದೆ. 'ಇಪ್ಪತ್ತೆರಡು ವರ್ಷದಿಂದ ಈ ಮನೆಗೆ ಗೆದ್ದಲು ಬರದ ಹಾಗೆ ಕಾಯ್ದಿದೀನಿ, ಈಗ ನಮ್ಮನೇದೇ ಗೆದ್ದಲು ಬಂತು' ಎಂದೆ. ಮಹಾಶಯರು ನಕ್ಕು ನಕ್ಕು ಮೂರುಕಾಲಿನ ಸ್ಟ್ಯಾಂಡ್ ಬೀಳಿಸಿದರು. ಅವತ್ತಿನಿಂದ ಪ್ರಯೋಗಾಲಯದಲ್ಲೆಲ್ಲ ನನಗೆ ಅದೇ ಹೆಸರು. ಆದರೂ ಏಣಿ ಹಿಡಿದವಳು ನೀನೇ, ಮರದ ಹುಡಿ ಕಣ್ಣಿಗೆ ಬೀಳದಂತೆ ನನ್ನ ತಲೆಗೆ ನಿನ್ನ ಹಳೇ ಸೀರೆಯ ತುಂಡು ಕಟ್ಟಿದವಳೂ ನೀನೇ. ಚಿಕ್ಕಂದಿನಲ್ಲಿ ಜಡೆ ಹಾಕುವಾಗ ಹೇಗೆ ಬಿಗಿದು ಕಟ್ಟುತ್ತಿದ್ದೆಯೋ ಹಾಗೇ ಕಟ್ಟಿದೆ. ನನಗೆ ನಲವತ್ತೇಳು ವರ್ಷ ಎಂಬುದು ನಿನ್ನ ಕೈಗೆ ನೆನಪಿರಲಿಲ್ಲ.

ಅವತ್ತು ನೀನು ಒಂದೇ ಒಂದು ಮಾತು ತೆಗೆದುಕೊಂಡೆ. 'ಮನೆ ಎಷ್ಟನೇ ಇಸವೀದು ಅಂತ ಗೊತ್ತಾದ ತಕ್ಷಣ ಮೊದಲು ನನಗೆ ಹೇಳ್ಬೇಕು. ಒಳ್ಳೇದಾಗ್ಲಿ ಕೆಟ್ಟದ್ದಾಗ್ಲಿ, ಬೇರೆಯವರ ಬಾಯಿಂದ ನಾನು ಕೇಳಬಾರದು.' ನಾನು ನಗುತ್ತಾ, ಅದು ನಮ್ಮ ವೃತ್ತಿಯಲ್ಲಿರುವ ಪದ್ಧತಿಯೇ ಎಂದೆ. ಅದು ನಿಜ ಅಕ್ಕಾ. ಯಾರ ಸೂರಿನ ಮರವೋ ಅವರಿಗೆ ಮೊದಲು ಹೇಳಬೇಕು, ಲೋಕಕ್ಕೆ ಆಮೇಲೆ. ನಾನು ಕೆಲಸ ಕಲಿತ ಮೇಡಂ ಹಳ್ಳಿಯ ಒಂದು ಹಳೇ ಕಣಜದ ಇಸವಿಯನ್ನು ಅದರ ಒಡತಿಗೆ ಹೇಳಲು ಆಸ್ಪತ್ರೆಯ ವಾರ್ಡಿಗೆ ಹೋಗಿದ್ದರು. ಅವರ ಶಿಷ್ಯೆ ನಾನು.

ಮೊದಲ ಮಾದರಿಯನ್ನು ಕೆಳಗಿನ ದೊಡ್ಡ ಕಂಬದಿಂದ ತೆಗೆದೆವು. ಪೆನ್ಸಿಲ್ ಗಾತ್ರದ ಮರದ ಕಡ್ಡಿ. ಅದನ್ನು ಪಟ್ಟಿಗೆ ಅಂಟಿಸಿ, ನುಣ್ಣಗೆ ಉಜ್ಜಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಉಂಗುರಗಳನ್ನು ಅಳೆದೆ. ಮಳೆ ಚೆನ್ನಾಗಿ ಬಂದ ವರ್ಷ ಅಗಲದ ಉಂಗುರ, ಬರದ ವರ್ಷ ಕೂದಲೆಳೆಯಷ್ಟು. ಆ ಅಗಲ ಸಪೂರದ ಸಾಲನ್ನು ಈ ಸೀಮೆಯ ಹಳೆಯ ಮರಗಳ ಸಾಲಿನ ಜೊತೆ ಹೊಂದಿಸಿದಾಗ ಒಂದು ಜಾಗದಲ್ಲಿ ಸರಿಯಾಗಿ ಕೂತುಕೊಂಡಿತು. ಕಡ್ಡಿಯ ಕೊನೆಯ ಉಂಗುರ ಊರು ಸುಟ್ಟ ಮಹಾಬೆಂಕಿಗಿಂತ ಒಂಬತ್ತು ವರ್ಷ ಮುಂಚಿನದು.

ಆಗಲೇ ನಿನಗೆ ಫೋನ್ ಮಾಡಿದೆ. ಮಾತು ಉಳಿಸಿಕೊಂಡೆ ಎಂಬ ಜಂಬ ಬೇರೆ. ನೀನು ಕೇಳಿದ್ದು ಒಂದೇ ಪ್ರಶ್ನೆ, 'ಬೆಂಕಿಗಿಂತ ಮುಂಚೆ ತಾನೆ?' ನಾನು, 'ಕೊನೇ ಉಂಗುರ ಬೆಂಕಿಗಿಂತ ಒಂಬತ್ತು ವರ್ಷ ಮುಂಚೇದು' ಎಂದೆ. ನೀನು ಅತ್ತುಬಿಟ್ಟೆ. ಬಾವನಿಗೆ ಫೋನ್ ಕೊಟ್ಟೆ, ಅವರೂ ಮೂಗು ಒರೆಸಿಕೊಂಡರು.

ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹೇಳದೆ ಬಿಟ್ಟದ್ದು ಇದು. ಆ ಕಂಬದ ಹೊರಮೈಯನ್ನು ಬಡಗಿ ಬಾಚಿಯಿಂದ ಕೆತ್ತಿ ಚೌಕ ಮಾಡಿದ್ದ. ಹೊರಗಿನ ಮೆದು ಮರವೆಲ್ಲ ಆ ಕೆತ್ತನೆಯಲ್ಲಿ ಹೋಗಿ ಒಳಗಿನ ಗಟ್ಟಿ ಚೇಗು ಮಾತ್ರ ಉಳಿದಿತ್ತು. ಅಂಥ ಮರದಲ್ಲಿ ಕೊನೆಯ ಉಂಗುರವೆಂದರೆ ಮರ ಕಡಿದ ವರ್ಷವಲ್ಲ, ನಮಗೆ ಉಳಿದಿರುವ ಕೊನೆಯ ವರ್ಷ ಅಷ್ಟೆ. ಅದರಾಚೆ ಎಷ್ಟು ಉಂಗುರ ಬಡಗಿಯ ಕಾಲ ಬುಡದಲ್ಲಿ ಚಕ್ಕೆಯಾಗಿ ಬಿತ್ತೋ ಯಾರಿಗೂ ಗೊತ್ತಿಲ್ಲ. ಹತ್ತು ಇರಬಹುದು, ನಲವತ್ತು ಇರಬಹುದು. ಇದು ನಮ್ಮ ಕೆಲಸದ ಮೊದಲ ಪಾಠ, ನಾನೇ ವಿದ್ಯಾರ್ಥಿಗಳಿಗೆ ಹೇಳಿಕೊಡುವ ಪಾಠ. ನಿನಗೆ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನೀನು, 'ನೋಡು, ಕಂಬಳಿ ಹೆಂಗಸು ನಿಜವಾಗ್ಲೂ ಇದ್ಲು' ಎಂದೆ. ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟು, ಆ ಬೆಳಕಿನಲ್ಲಿ ನೀನು ಕುಣಿಯುವುದನ್ನು ನೋಡುತ್ತಾ ಕೂತೆ. ನಾಳೆ ಹೇಳಿದರಾಯಿತು ಎಂದುಕೊಂಡೆ.

ಆ ಹೆಂಗಸಿನ ಕಥೆಯನ್ನು ನೀನು ಹೇಳುವಾಗ ನಾನು ಎಷ್ಟು ಸಲ ಕೇಳಿದ್ದೇನೋ. ಊರೆಲ್ಲ ಉರಿಯುತ್ತಿರುವಾಗ ಈ ಮನೆಯ ಯಜಮಾನಿ ಬಾವಿಯಿಂದ ನೀರು ಸೇದಿ, ಇದ್ದಬದ್ದ ಕಂಬಳಿಗಳನ್ನೆಲ್ಲ ನೆನೆಸಿ ಸೂರಿನ ಮಾಡಿಗೆ ಹಾಸಿ, ತಾನೂ ಮೇಲೆ ಹತ್ತಿ ಕೂತಳು; ಅದಕ್ಕೇ ಈ ಒಂದು ಮನೆ ಉಳಿಯಿತು. ನೀನು ಎರಡೂ ಕೈ ಅಗಲಿಸಿ ಕಂಬಳಿ ಹಾಸುವಾಗ ಮಕ್ಕಳು ತಲೆ ಎತ್ತಿ ಸೂರು ನೋಡುತ್ತಿದ್ದವು. ಆಮೇಲೆ ಕಪ್ಪು ಹಿಡಿದ ಜಂತೆ ತೋರಿಸಿ, 'ಮುಟ್ಟಿ ನೋಡಿ, ಇದು ಆ ಬೆಂಕೀದೇ ಮಸಿ' ಎನ್ನುತ್ತಿದ್ದೆ. ದೊಡ್ಡವರೂ ಮುಟ್ಟಿ ನೋಡಿ ಬೆರಳು ಮೂಸುತ್ತಿದ್ದರು.

ನಾಳೆ ಹೇಳುತ್ತೇನೆ ಎಂದುಕೊಂಡದ್ದು ವಾರವಾಯಿತು. ಅಷ್ಟರಲ್ಲಿ ನೀನು ಸಮಿತಿಗೆ ಹೇಳಿದ್ದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಅವರು. ಹಿಂದುಮುಂದು ಕೇಳದೆ ಹಿತ್ತಾಳೆಯ ಫಲಕವನ್ನೇ ಮಾಡಿಸಿ ಬಾಗಿಲ ಪಕ್ಕ ಜಡಿದರು. 'ವೈಜ್ಞಾನಿಕವಾಗಿ ದೃಢಪಟ್ಟಿದೆ' ಎಂದು ಅದರಲ್ಲಿ ಬರೆಸಿದ್ದು ನೀನಂತೆ. ಅದರ ಫೋಟೋ ಕಳಿಸಿದೆಯಲ್ಲ, ನಾನು ಅದಕ್ಕೆ ಒಂದು ಹೂವಿನ ಚಿತ್ರ ಉತ್ತರಿಸಿದೆ. ಅಕ್ಕಾ, ಆ ಹೂವಿನ ಚಿತ್ರ ನೆನಪಾದಾಗಲೆಲ್ಲ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ಎರಡನೇ ಸಲ ಬಂದದ್ದು ಅಟ್ಟಕ್ಕಾಗಿ. ಮಾಡಿನ ಮೂಲೆಯಲ್ಲಿ ಒಂದು ತೊಲೆಯ ಒಂದು ಬದಿಗೆ ಇನ್ನೂ ತೊಗಟೆ ಅಂಟಿಕೊಂಡಿತ್ತು. ಯಾರ ಕಣ್ಣಿಗೂ ಬೀಳದ ಜಾಗವೆಂದು ಬಡಗಿ ಸೋಮಾರಿತನ ಮಾಡಿದ್ದ. ತೊಗಟೆ ಸಿಕ್ಕಿತೆಂದರೆ ಅನುಮಾನಕ್ಕೆ ಎಡೆಯಿಲ್ಲ, ಅದರ ಕೆಳಗಿನ ಉಂಗುರವೇ ಮರ ಕಂಡ ಕೊನೆಯ ವರ್ಷ. ನೀನೇ ಏಣಿ ಹಿಡಿದಿದ್ದೆ. ಕೆಳಗಿನಿಂದ, 'ಇದೂ ಅದೇ ಹೇಳುತ್ತೆ ಬಿಡು, ಸುಮ್ನೆ ಯಾಕೆ ಇನ್ನೊಂದು ತೂತು' ಎಂದೆ. ಬೈರಿಗೆ ತಿರುಗಿಸುವಾಗ ನನಗೆ, ತೊಗಟೆ ಉದುರಿಹೋಗಲಿ ಎಂದು ಒಂದು ಗಳಿಗೆ ಅನ್ನಿಸಿತು. ಉದುರಲಿಲ್ಲ.

ಬೆಂಕಿಯಾಗಿ ಮೂವತ್ತೊಂದು ವರ್ಷದ ಮೇಲೆ, ಚಳಿಗಾಲದಲ್ಲಿ ಕಡಿದ ಮರ. ನಾಲ್ಕು ಸಲ ಅಳೆದೆ. ಬೇರೆ ಊರಿನ ಪ್ರಯೋಗಾಲಯಕ್ಕೆ, ಯಾವ ಮನೆಯದೆಂದು ಹೇಳದೆ ಕಳಿಸಿದೆ. ಅವರೂ ಅದೇ ಹೇಳಿದರು.

ಇನ್ನೂ ಒಂದು ಆಸೆ ಉಳಿದಿತ್ತು. ಮಾಡು ಆಮೇಲಿನದು, ಕೆಳಗಿನ ಮನೆ ಹಳೆಯದು ಎಂದಾಗಬಹುದಲ್ಲ? ಮಹಾಶಯರ ಹತ್ತಿರ ಹೋದೆ. ಅವರು ಲೇಸರಿನಿಂದ ಹಿಡಿದ ಕೋಟಿಗಟ್ಟಲೆ ಚುಕ್ಕಿಗಳನ್ನು ಸೇರಿಸಿ, ಇಡೀ ಮನೆಯನ್ನು ಪರದೆಯ ಮೇಲೆ ಗಾಜಿನ ಮನೆಯ ಹಾಗೆ ತಿರುಗಿಸುತ್ತಿದ್ದರು. ಸುಣ್ಣ ಬಳಿದು ಕಣ್ಣಿಗೆ ಮಾಸಿಹೋಗಿದ್ದ, ಮರ ಜೋಡಿಸಲು ಬಡಗಿ ಉಳಿಯಿಂದ ಕೊರೆದ ಎಣಿಕೆಯ ಗುರುತುಗಳು ಒಂದೊಂದು ಕೂಡಿಕೆಯಲ್ಲೂ ಕಂಡವು. ಒಂದನೆಯ ಚೌಕಟ್ಟು, ಎರಡನೆಯದು, ಮೂರನೆಯದು, ಬೀದಿಬಾಗಿಲಿನಿಂದ ಹಿತ್ತಿಲವರೆಗೆ, ಕಂಬದಿಂದ ಮಾಡಿನವರೆಗೆ, ಎಣಿಕೆ ಎಲ್ಲೂ ತಪ್ಪಿಲ್ಲ. ಒಬ್ಬನೇ ಬಡಗಿ, ಒಂದೇ ಸಲ ಎಬ್ಬಿಸಿದ ಮನೆ. ಮಸಿಯನ್ನೂ ತೋರಿಸಿದರು. ಅದು ನಡುಮನೆಯ ಒಂದು ಜಾಗದ ಮೇಲೆ ದಟ್ಟವಾಗಿ, ಸುತ್ತ ತೆಳುವಾಗುತ್ತಾ ಹೋಗಿತ್ತು. ಅಲ್ಲೊಂದು ಒಲೆ ಇತ್ತು, ಹೊಗೆಗೂಡು ಇರಲಿಲ್ಲ, ಅಷ್ಟೆ. ತಲೆಮಾರುಗಟ್ಟಲೆ ಯಾರೋ ಅಡಿಗೆ ಮಾಡಿದ ಮಸಿ. ಮಹಾಶಯರಿಗೆ ಖುಷಿಯೋ ಖುಷಿ. ನಾನು ಮುಖ ತೊಳೆಯುವ ನೆಪ ಮಾಡಿ ಎದ್ದುಹೋದೆ.

ಆ ಇಸವಿ ಬಾಯಲ್ಲಿಟ್ಟುಕೊಂಡ ಬಿಸಿ ತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಆ ತಿಂಗಳಲ್ಲಿ ಎಷ್ಟೋ ಸಲ ಫೋನ್ ಮಾಡಿದೆ. ನಿನ್ನ ಮಂಡಿನೋವು ಕೇಳಿದೆ, ಬಾವನ ಕನ್ನಡಕ ಕೇಳಿದೆ, ಪಕ್ಕದ ಮನೆಯ ಬೆಕ್ಕು ಮರಿ ಹಾಕಿತೇ ಎಂದು ಕೇಳಿದೆ. ನಿನಗೇ ಅನುಮಾನ ಬಂದು, 'ಏನೇ, ಮೈಗೆ ಹುಷಾರಿಲ್ವಾ? ಬೆಕ್ಕಿನ ಸಮಾಚಾರ ಕೇಳ್ತಿದೀಯಲ್ಲ' ಎಂದೆ.

ಆಮೇಲೆ ವಿಚಾರಗೋಷ್ಠಿ ಬಂತು. ಪರದೆಯ ಮೇಲೆ ಆ ಇಸವಿಯನ್ನು ದೊಡ್ಡ ಅಕ್ಷರದಲ್ಲಿ ಹಾಕಿದೆ. ಚಪ್ಪಾಳೆ ಬಿತ್ತು. ಮಾರನೆಯ ದಿನ ಪತ್ರಿಕೆಯಲ್ಲಿ ಬಂತು. ಅದರ ಮಾರನೆಯ ದಿನ ನೀನು ಒಂದು ಶಾಲೆಯ ಮಕ್ಕಳಿಗೆ ಮನೆ ತೋರಿಸುತ್ತಿದ್ದೆ. ಎರಡೂ ಕೈ ಅಗಲಿಸಿ ಕಂಬಳಿ ಹಾಸುತ್ತಿದ್ದಾಗ ಆ ಮೇಷ್ಟ್ರು ಮೊಬೈಲ್ ತೆಗೆದು, 'ಕ್ಷಮಿಸಿ ಅಮ್ಮ, ಇದು ಸುಳ್ಳು ಅಂತ ಪೇಪರ್‌ನಲ್ಲಿ ಬಂದಿದೆಯಲ್ಲ' ಎಂದು ಮಕ್ಕಳ ಮುಂದೆಯೇ ಓದಿದರಂತೆ. ಓದಿ ಮುಗಿಸುವವರೆಗೂ ನಿನ್ನ ಕೈಗಳು ಹಾಗೇ ಅಗಲವಾಗಿಯೇ ಇದ್ದವಂತೆ. ಆಮೇಲೆ ಅಟ್ಟ ತೋರಿಸಿ, ಹಿತ್ತಿಲು ತೋರಿಸಿ, ಮಕ್ಕಳನ್ನು ಬಾಗಿಲವರೆಗೆ ಬಿಟ್ಟು, ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಮಲಗಿಬಿಟ್ಟೆಯಂತೆ. ಇದನ್ನು ಹೇಳುವಾಗ ಬಾವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪತ್ರಿಕೆಯವರು ಅವಸರ ಮಾಡಿದರು, ನಾನು ಸಂಜೆ ನಿನಗೆ ಹೇಳಬೇಕೆಂದಿದ್ದೆ ಎಂದು ಬಾವನಿಗೆ ಹೇಳಿದ್ದೆನಲ್ಲ, ಅದು ಸುಳ್ಳು. ಆ ವರದಿಗಾರ್ತಿ ನನ್ನನ್ನು ಕೇಳಿಯೇ ಬರೆದಳು. 'ನಾಲ್ಕು ದಿನ ಬಿಟ್ಟು ಹಾಕಲಾ ಮೇಡಂ?' ಎಂದು ತಾನಾಗಿ ಕೇಳಿದಳು. ನಾನು ಬೇಡ, ನಾಳೆಯೇ ಹಾಕಿ ಎಂದೆ.

ಯಾಕೆ ಎಂದು ನೀನು ಕೇಳುತ್ತೀಯ. ನಾನೂ ಒಂದೂವರೆ ತಿಂಗಳಿಂದ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ. ಹೆಸರು ಬರಲಿ ಎಂಬ ಆಸೆ ಇರಲಿಲ್ಲವೆಂದರೆ ನೀನು ನಂಬಬೇಡ. ಆದರೆ ಅದು ಪೂರ್ತಿ ಕಾರಣವಲ್ಲ. ನಿನಗೆ ಮೊದಲು ಹೇಳಿದ್ದರೆ ನೀನು, 'ಇದನ್ನ ಹೊರಗೆ ಹೇಳ್ಬೇಡ ಕಣೇ' ಎನ್ನುತ್ತಿದ್ದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಎಂದಿದ್ದರೆ ನಾನು ಒಪ್ಪಿಬಿಡುತ್ತಿದ್ದೆ. ಅದು ಮಾತ್ರ ಗೊತ್ತು. ಅಮ್ಮ ಹೋದಮೇಲೆ ನೀನು ಹೇಳಿದ ಒಂದು ಮಾತಿಗೂ ನಾನು ಇಲ್ಲ ಎಂದದ್ದಿಲ್ಲ, ಇಲ್ಲ ಎನ್ನುವುದು ಹೇಗೆಂದೇ ನನಗೆ ಬರುವುದಿಲ್ಲ. ಇಪ್ಪತ್ತು ವರ್ಷ ಕಲಿತ ಕೆಲಸವನ್ನು ನಿನ್ನ ಒಂದು ಮುಖಕ್ಕಾಗಿ ಮುಚ್ಚಿಟ್ಟುಬಿಡುತ್ತಿದ್ದೆ. ಅದಕ್ಕೆ ಹೆದರಿ, ನೀನು ಕೇಳಲು ಅವಕಾಶವೇ ಇಲ್ಲದ ಹಾಗೆ ಲೋಕಕ್ಕೆ ಮೊದಲು ಹೇಳಿಬಿಟ್ಟೆ. ನೀನು ಹಾಗೆ ಕೇಳುತ್ತಿದ್ದೆ ಎಂದು ನಾನೇ ತೀರ್ಮಾನಿಸಿದೆ ನೋಡು, ಅದು ಎಲ್ಲಕ್ಕಿಂತ ದೊಡ್ಡ ತಪ್ಪು. ನೀನು, 'ಹೌದಾ? ಹಾಗಿದ್ರೆ ಹಾಗೇ ಹೇಳೋಣ ಬಿಡು' ಎಂದು ಒಂದು ಲೋಟ ಟೀ ಕೊಟ್ಟಿರಲೂಬಹುದಿತ್ತು. ಅದನ್ನು ತಿಳಿಯುವ ದಾರಿಯನ್ನೇ ನಾನು ಮುಚ್ಚಿದೆ.

ಮಾಡಿದ್ದು ಅಲ್ಲಿಗೂ ಮುಗಿಯಲಿಲ್ಲ. ಸಮಿತಿಯವರು, 'ಇನ್ಮೇಲೆ ಬಂದವರಿಗೆ ತಪ್ಪು ಹೇಳೋ ಹಾಗಿಲ್ಲ, ಒಂದು ಪುಟ ಬರೆದುಕೊಡಿ, ಅದನ್ನೇ ಓದಿಸ್ತೀವಿ' ಎಂದರು. ಬರೆದುಕೊಟ್ಟೆ. ಓದಬೇಕಾದವಳು ನೀನೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಚೌಕಟ್ಟು, ಕೂಡಿಕೆ, ಕಡಿದ ಋತು ಎಂದು ಒಣ ವಾಕ್ಯಗಳನ್ನೇ ಬರೆದೆ. ಕಥೆ ಹೇಳುವುದರಲ್ಲಿ ನಿನ್ನನ್ನು ಮೀರಿಸಿದವರಿಲ್ಲ, ನಿನ್ನ ಕೈಗೆ ಔಷಧಿ ಡಬ್ಬಿಯ ಚೀಟಿಯಂಥ ಒಂದು ಪುಟ ಕೊಟ್ಟೆ. ನೀನು ಅದನ್ನು ಎರಡೂ ಕೈಯಲ್ಲಿ ಹಿಡಿದು ಓದುತ್ತೀಯೆಂದು ಬಾವ ಹೇಳಿದರು. ನೋಡಲು ನನಗೆ ಧೈರ್ಯವಾಗಲಿಲ್ಲ. ಪತ್ರಿಕೆಯಲ್ಲಿ ಬಂದ ಮೇಲೆ ನಾನು ಆ ಬೀದಿಗೆ ಕಾಲಿಟ್ಟಿಲ್ಲ.

ಹೊಸ ಫಲಕದಲ್ಲಿ ಏನಿದೆಯೆಂದು ಈ ಸಲವಾದರೂ ಮೊದಲು ನಿನಗೆ ಹೇಳುತ್ತೇನೆ. 'ಬೆಂಕಿಯ ನಂತರದ ಮೊದಲ ತಲೆಮಾರು ಕಟ್ಟಿದ ಮನೆ' ಎಂದಿದೆ, ಕೆಳಗೆ ನನ್ನ ಹೆಸರಿದೆ. ನನ್ನ ಹೆಸರು ತೆಗೆಯಿರಿ ಎಂದು ಶುಕ್ರವಾರ ಅಧ್ಯಕ್ಷರಿಗೆ ಹೇಳಿದೆ, ಕೆತ್ತಿ ಆಗಿದೆ ಮೇಡಂ ಎಂದರು. ಕೋಟೆ ಸೂರೆ ಹೋದಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ನೀನು ನಗಬಹುದು. ನಗು, ಪರವಾಗಿಲ್ಲ. ನೀನು ನಕ್ಕು ಎಷ್ಟು ದಿನವಾಯಿತೆಂದು ಬಾವನನ್ನು ಕೇಳಲು ನನಗೆ ಭಯ.

ಇಸವಿ ತಪ್ಪು ಎಂದು ನಾನು ಹೇಳಲಾರೆ ಅಕ್ಕಾ. ಮರ ಹೇಳಿದ್ದು ಅದನ್ನೇ. ಅದಕ್ಕಾಗಿ ಕ್ಷಮೆ ಕೇಳುತ್ತಿಲ್ಲ. ಆದರೆ ಅದನ್ನು ನೀನು ನಿನ್ನ ಅಡುಗೆಮನೆಯಲ್ಲಿ ಕೂತು ನನ್ನ ಬಾಯಿಂದ ಕೇಳಬೇಕಿತ್ತು, ಅಳಬೇಕೆನಿಸಿದರೆ ಬಾಗಿಲು ಹಾಕಿಕೊಂಡು ಅಳಬೇಕಿತ್ತು. ಅಷ್ಟನ್ನು ನಾನು ನಿನ್ನಿಂದ ಕಿತ್ತುಕೊಂಡೆ. ಅದಕ್ಕೆ ಕ್ಷಮೆ ಕೇಳುತ್ತಿದ್ದೇನೆ, ಕೊಡಲೇಬೇಕೆಂದಿಲ್ಲ. ಬರಲೇ, ಬೇಡವೇ, ಅಷ್ಟು ಬರೆ. ಎರಡು ಸಾಲು ಸಾಕು. ಬರೆಯಲು ಮನಸ್ಸಿಲ್ಲದಿದ್ದರೆ ಬಾವನ ಕೈಯಲ್ಲಿ ಹೇಳಿಸು.

ಬಾವನಿಗೆ ನಮಸ್ಕಾರ. ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡ, ಅಟ್ಟದ ಏಣಿಯನ್ನು ಒಬ್ಬಳೇ ಹತ್ತಬೇಡ.

ನೀನು ಸಾಕಿದ,
ಗೆದ್ದಲು

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದು ಬಿಟ್ಟದ್ದು. ಕಾಗದವನ್ನು ಲಕೋಟೆಗೆ ಹಾಕಿ ಅಂಟಿಸಿದ ಮೇಲೆ ಮತ್ತೆ ಹರಿದು ಸೇರಿಸುತ್ತಿದ್ದೇನೆ. ಆ ಬೀದಿಗೆ ಕಾಲಿಟ್ಟಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಮೊನ್ನೆ ಗುರುವಾರ ಬಂದಿದ್ದೆ. ಟೋಪಿ ಹಾಕಿಕೊಂಡು, ಮೂಗಿನವರೆಗೆ ಬಟ್ಟೆ ಸುತ್ತಿಕೊಂಡು, ಟಿಕೆಟ್ ತೆಗೆದುಕೊಂಡು ಗುಂಪಿನ ಹಿಂದೆ ಒಬ್ಬ ಎತ್ತರದ ಮನುಷ್ಯನ ಮರೆಯಲ್ಲಿ ನಿಂತೆ. ನೀನು ಪುಟ ಹಿಡಿದಿರಲಿಲ್ಲ. ನಾನು ಬರೆದ ಒಂದೊಂದು ವಾಕ್ಯವನ್ನೂ ನೀನು ಬಾಯಿಪಾಠ ಮಾಡಿದ್ದೆ, ಒಂದು ಪದ ಕೂಡಿಸಲಿಲ್ಲ, ಒಂದು ಪದ ಬಿಡಲಿಲ್ಲ. ಕೈಗಳು ಎರಡೂ ಪಕ್ಕಕ್ಕೆ ಸುಮ್ಮನೆ ಇಳಿಬಿದ್ದಿದ್ದವು. ಮುಗಿದ ಮೇಲೆ ಆ ಎತ್ತರದ ಮನುಷ್ಯ, 'ಇದನ್ನೆಲ್ಲ ಕಂಡುಹಿಡಿದವರು ಯಾರು?' ಎಂದು ಕೇಳಿದ. ನೀನು ನಮ್ಮ ಕಡೆ ನೋಡಿ, 'ಯಾರೋ ಹೊರಗಿನವರು, ನನಗೆ ಪರಿಚಯ ಇಲ್ಲ' ಎಂದೆ. ನೀನು ನನ್ನನ್ನು ಗುರುತಿಸಿ ಹೇಳಿದೆಯೋ, ಗುರುತಿಸದೆ ಹೇಳಿದೆಯೋ, ಯಾವುದು ಹೆಚ್ಚು ನೋವೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ. ಆ ಮನುಷ್ಯ ಹೌದಾ ಎಂಬಂತೆ ತಲೆಯಾಡಿಸಿದ. ಅವನ ಹಿಂದೆ ನಿಂತು ನಾನೂ ತಲೆಯಾಡಿಸಿದೆ. ಆದ್ದರಿಂದ ಬಾ ಎಂದು ಬರೆಯುವುದಾದರೆ ಅಕ್ಕಾ, ಯಾರಾಗಿ ಬರಲಿ ಎಂಬುದನ್ನೂ ಬರೆ.